ಬಂದುಲ ಎಂಬ ಹುಡುಗ ನಮ್ಮ ವಲಯದ ಯಾವ ಶಾಲೆಯಲ್ಲೂ ಇಲ್ಲ

ಮಾನ್ಯ ವಲಯ ಶಿಕ್ಷಣ ನಿರ್ದೇಶಕರೇ,

ಕುರುಂದುಕಂದದ ನಮ್ಮ ಶಾಲೆಯಿಂದ ಇರೇಷಾ ಹೆಟ್ಟಿಗೊಡ ಎಂಬ ಇಂಗ್ಲಿಷ್ ಟೀಚರನ್ನು ನೀವು ಎಬ್ಬಿಸಿಕೊಂಡು ಹೋಗಿ ಇವತ್ತಿಗೆ ಐದು ವಾರವಾಯಿತು. ನಿಜ ಬರೆಯಿರಿ ಎಂದು ನೀವು ಹೇಳಿದಿರಿ, ಅವಳು ಬರೆದಳು, ನೀವು ಆರೋಪಪಟ್ಟಿ ಕೈಗಿತ್ತಿರಿ. ಬರುವ ತಿಂಗಳು ಹದಿನಾಲ್ಕಕ್ಕೆ ವಿಚಾರಣೆಯಂತೆ. ನಿಮ್ಮ ಕಚೇರಿಯ ಮೂವರು ಕುಳಿತು, ಅವಳ ನೌಕರಿ ಖಾಯಂ ಆಗಬೇಕೋ ಅವಳು ಮನೆಗೆ ಹೋಗಬೇಕೋ ಎಂದು ತೀರ್ಮಾನ ಮಾಡುತ್ತಾರಂತೆ. ನಾನು ಇದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿರುವವನು. ಕಲಿಸುತ್ತಿದ್ದೇನೆಂದು ಸಂಬಳ ಎಣಿಸಿಕೊಳ್ಳುತ್ತಿರುವವನು ಎಂದರೆ ಇನ್ನೂ ಸರಿ. ಈ ವಿಷಯವಾಗಿ ನಿಮಗೆ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಎರಡನೆಯದಕ್ಕೆ ಅದೇ ಉತ್ತರದ ಇನ್ನೊಂದು ಪ್ರತಿ ಬಂತು. ಮೂರನೆಯದಕ್ಕೆ ಅದೂ ಬರಲಿಲ್ಲ. ಹಾಗಾಗಿ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಬೆಳಗಿನ ಚಹಾದ ಜೊತೆ ಪತ್ರಿಕೆಯನ್ನಾದರೂ ತಾವು ಓದುತ್ತೀರಿ ಎಂದು ಕೇಳಿದ್ದೇನೆ.

ಎಲ್ಲಿಂದ ಶುರುವಾಯಿತು ಎಂಬುದನ್ನು ತಾವು ಮರೆತಿರಬಹುದು, ನಾವು ಮರೆತಿಲ್ಲ. ಎರಡು ವರ್ಷದ ಹಿಂದೆ ವಲಯದ ಇಂಗ್ಲಿಷ್ ಶಿಕ್ಷಕರನ್ನೆಲ್ಲ ಪಟ್ಟಣದ ಮದುವೆ ಮಂಟಪಕ್ಕೆ ಕರೆಸಿ ಎರಡು ವಸ್ತು ಕೊಟ್ಟಿರಿ. ಒಂದು, ಸಂಪನ್ಮೂಲ ಪೆಟ್ಟಿಗೆ. ಅದರಲ್ಲಿ ಚಿತ್ರದ ಕಾರ್ಡುಗಳು, ಕೈಗೆ ತೊಡಿಸುವ ಬೊಂಬೆಗಳು, ಕತೆ ಪುಸ್ತಕಗಳು ಇವೆಯೆಂದು ಮುಚ್ಚಳದ ಮೇಲಿನ ಪಟ್ಟಿ ಹೇಳುತ್ತದೆ. ಒಳಗೆ ನಿಜವಾಗಿ ಇವೆಯೋ ಇಲ್ಲವೋ ನಾನು ಕಂಡಿಲ್ಲ. ನಮ್ಮ ಪ್ರಾಂಶುಪಾಲರು ಅದನ್ನು ಪ್ಲಾಸ್ಟಿಕ್ ಸಮೇತ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದರು. "ನಾಳೆ ತಪಾಸಣೆಗೆ ಬಂದಾಗ ಒಂದು ಕಾರ್ಡು ಕಮ್ಮಿ ಬಿದ್ರೆ ಯಾರ ತಲೆಗೆ ಬರ್ತದೆ ವಿತಾನಗೆ ಸರ್? ನನ್ನ ತಲೆಗೆ!" ಎಂದು ನನಗೆ ಹೇಳಿದರು. ಇರೇಷಾ ಬಂದ ಮೊದಲ ವಾರವೇ ಆ ಪೆಟ್ಟಿಗೆ ಕೇಳಿದಳು. ಪ್ರಾಂಶುಪಾಲರು ಒಳ್ಳೆಯವರು, ಇಲ್ಲ ಎನ್ನಲಿಲ್ಲ. ಬೀರು ತೆಗೆದು ಐದು ನಿಮಿಷ ತೋರಿಸಿ ಮತ್ತೆ ಬೀಗ ಹಾಕಿದರು.

ಎರಡನೆಯ ವಸ್ತು ಹಳದಿ ರಟ್ಟಿನ ಒಂದು ಪುಸ್ತಕ. ಮೇಲೆ 'ಶಿಕ್ಷಕರ ಆತ್ಮಾವಲೋಕನ' ಎಂದು ದಪ್ಪಕ್ಷರ, ಕೆಳಗೆ 'ನಿರ್ಭಯವಾಗಿ ಬರೆಯಿರಿ' ಎಂದು ಸಣ್ಣಕ್ಷರ. ಪ್ರತಿ ಶುಕ್ರವಾರ ಒಂದು ಪುಟ ತುಂಬಿಸಬೇಕು. ಈ ವಾರ ಏನು ಕಲಿಸಲು ಹೊರಟಿರಿ? ಎಲ್ಲಿ ಸೋತಿರಿ? ಯಾಕೆ ಸೋತಿರಿ? ನಿಮಗೆ ಏನು ನೆರವು ಬೇಕು? ಅವತ್ತು ವೇದಿಕೆ ಮೇಲೆ ನಿಮ್ಮ ಇಂಗ್ಲಿಷ್ ಸಲಹೆಗಾರರು ಎದೆ ಮೇಲೆ ಕೈಯಿಟ್ಟುಕೊಂಡು, "ಸೋಲನ್ನು ಬಚ್ಚಿಡಬೇಡಿ. ಯಾರಿಗೆ ನೆರವು ಬೇಕೋ ಅವರಿಗೆ ನೆರವು ಕಳಿಸೋದಕ್ಕೇ ಈ ಪುಸ್ತಕ ಇರೋದು. ಇದರಿಂದ ಯಾರಿಗೂ ತೊಂದರೆ ಆಗೋದಿಲ್ಲ, ಅದು ನನ್ನ ಮಾತು" ಎಂದರು. ಸಭೆಯಲ್ಲಿ ತಲೆ ನರೆತ ನಾವೆಲ್ಲ ಗಂಭೀರವಾಗಿ ತಲೆಯಾಡಿಸಿದೆವು. ಪಕ್ಕದಲ್ಲಿದ್ದ ಹಳೆಯ ಸಹೋದ್ಯೋಗಿ ನನ್ನ ಕಿವಿಯಲ್ಲಿ, "ಮಾತು ಕೊಟ್ಟಾಯ್ತಲ್ಲ, ಇನ್ನು ಹುಷಾರಾಗಿರಬೇಕಪ್ಪಾ" ಎಂದ. ಆಮೇಲೆ ಅನ್ನದ ಪೊಟ್ಟಣ ಬಂತು, ಊಟ ಮಾಡಿ ಬಸ್ ಹಿಡಿದೆವು.

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮಗೆ ಬೈಯುವ ಮೊದಲು ನನ್ನ ಕೊಳೆಯನ್ನು ನಾನೇ ಹೊರಗೆ ಹಾಕಬೇಕು. ಮೊದಲ ಶುಕ್ರವಾರ ಶಿಕ್ಷಕರ ಕೋಣೆಯಲ್ಲಿ ಕುಳಿತು ಕಾಲು ಗಂಟೆಯಲ್ಲಿ ನನ್ನ ಪುಟ ತುಂಬಿಸಿದೆ. ಹಿಂದಿನ ಬೆಂಚಿನಲ್ಲಿ ಬಂದುಲ ಎಂಬ ನಾಚಿಕೆ ಸ್ವಭಾವದ ಹುಡುಗ, ಬಾಯಿ ಬಿಡುವುದಿಲ್ಲ, ನಾನು ಸೋತೆ, ಮುಂದಿನ ವಾರ ಅವನಿಗೆ ಜೊತೆಗಾರನನ್ನು ಕೊಟ್ಟು ನೋಡುತ್ತೇನೆ. ನಾಲ್ಕನೇ ವಾರಕ್ಕೆ ಬಂದುಲ ಕೈ ಎತ್ತಿದ. ಎಂಟನೇ ವಾರಕ್ಕೆ ಬೆಳಗಿನ ಪ್ರಾರ್ಥನೆಯಲ್ಲಿ ನಿಂತು ಐದು ವಾಕ್ಯ ಹೇಳಿದ. ಹನ್ನೆರಡನೇ ವಾರ ಅವನ ತಾಯಿ ಶಾಲೆಗೆ ಬಂದು ಕಣ್ಣೀರಿಟ್ಟಳು. ನಿರ್ದೇಶಕರೇ, ಬಂದುಲ ಎಂಬ ಹುಡುಗ ನಮ್ಮ ಶಾಲೆಯಲ್ಲಿಲ್ಲ, ಯಾವತ್ತೂ ಇರಲಿಲ್ಲ. ಆ ಹೆಸರು ನನ್ನ ಸೋದರಮಾವನದು, ಸತ್ತು ಹತ್ತೊಂಬತ್ತು ವರ್ಷವಾಯಿತು. ಆ ಪುಸ್ತಕವನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ಓದಿಬಿಟ್ಟರು! ನಿಮ್ಮ ಸಲಹೆಗಾರರು ನನಗೆ ಫೋನು ಮಾಡಿ, "ಸರ್, ನಿಮ್ಮ ಬಂದುಲ ನನ್ನನ್ನ ಅಳಿಸಿಬಿಟ್ಟ" ಎಂದರು. ಆ ಹನ್ನೆರಡು ಪುಟಗಳನ್ನು 'ಮಾದರಿ ಆತ್ಮಾವಲೋಕನ' ಎಂದು ಅಚ್ಚು ಹಾಕಿಸಿ ಎಲ್ಲ ಶಾಲೆಗಳಿಗೆ ಹಂಚಿದಿರಿ. ವಾರ್ಷಿಕ ಸಭೆಯಲ್ಲಿ ನನಗೆ ಪ್ರಮಾಣಪತ್ರ ಕೊಟ್ಟು, ಕೈಕುಲುಕಿ, ಫೋಟೋ ತೆಗೆಸಿಕೊಂಡಿರಿ. ಆ ಫೋಟೋ ನಮ್ಮ ಮನೆಯ ಗೋಡೆಯ ಮೇಲೆ ಇದೆ. ನಾನು ನಗುತ್ತಿದ್ದೇನೆ, ನೀವೂ ನಗುತ್ತಿದ್ದೀರಿ.

ಆಮೇಲೆ ನಡೆದದ್ದಕ್ಕೆ ನಿಮ್ಮ ಕಚೇರಿ ಎದುರಿನ ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯೇ ಸಾಕ್ಷಿ. ಅಲ್ಲಿ ಹೋಗಿ 'ಬಂದುಲ ಸೆಟ್' ಎಂದು ಕೇಳಿ ನೋಡಿ, ಹನ್ನೆರಡು ವಾರದ್ದನ್ನೂ ಪಿನ್ನು ಹೊಡೆದು ಕೊಡುತ್ತಾರೆ. ಶಿಕ್ಷಕರು ಅದನ್ನು ನೋಡಿಕೊಂಡು ಶುಕ್ರವಾರ ಮಧ್ಯಾಹ್ನ ಹಳದಿ ಪುಸ್ತಕಕ್ಕೆ ಇಳಿಸುತ್ತಾರೆ. ಸ್ವಲ್ಪ ಮಾನ ಇರುವವರು ಹೆಸರು ಬದಲಾಯಿಸುತ್ತಾರೆ, ಬಹಳ ಜನ ಅಷ್ಟೂ ಮಾಡುವುದಿಲ್ಲ. ನಾನು ಅವರನ್ನು ಬೈಯಲಾರೆ. ವಾರಕ್ಕೆ ಮೂವತ್ತೈದು ಪಾಠ ಮಾಡಿ, ಎರಡು ಬಸ್ ಬದಲಿಸಿ ಮನೆ ಸೇರುವ ಹೆಂಗಸಿಗೆ ಶುಕ್ರವಾರ ಸೋಲು ಹುಡುಕುತ್ತಾ ಕೂರುವ ಪುರಸೊತ್ತು ಎಲ್ಲಿದೆ? ಈ ವರ್ಷ ಮಾರ್ಚಿನಲ್ಲಿ, ಮಾದರಿ ಬರೆದವನೆಂಬ ಗೌರವಕ್ಕೆ, ನೀವು ನನ್ನನ್ನೇ ಮೌಲ್ಯಮಾಪನಕ್ಕೆ ಕರೆಸಿದಿರಿ. ನಿಮ್ಮ ಕಚೇರಿಯ ಉದ್ದ ಮೇಜಿನ ಮುಂದೆ ಕೂತು ಒಂದೇ ದಿನ ನಲವತ್ತಮೂರು ಶಾಲೆಗಳ ಪುಸ್ತಕ ಓದಿದೆ. ಮೂವತ್ತೊಂಬತ್ತರಲ್ಲಿ ಬಂದುಲ ಇದ್ದ. ಮೂವತ್ತೊಂಬತ್ತು ಶಾಲೆಗಳಲ್ಲಿ ನಾಲ್ಕನೇ ವಾರಕ್ಕೆ ಸರಿಯಾಗಿ ಕೈ ಎತ್ತಿದ್ದ. ಹೆಣ್ಣುಮಕ್ಕಳ ಶಾಲೆಯ ಹಿಂದಿನ ಬೆಂಚಿನಲ್ಲೂ ಬಂದುಲ ನಾಚಿಕೊಂಡು ಕೂತಿದ್ದ, ಸ್ವಾಮಿ! ಮೊದಲು ನಗು ಬಂತು. ಮಧ್ಯಾಹ್ನದ ಹೊತ್ತಿಗೆ ಅದೂ ನಿಂತಿತು. ನಿಮ್ಮ ವಾರ್ಷಿಕ ವರದಿಯಲ್ಲಿ 'ಹಿಂಜರಿಯುವ ಮಕ್ಕಳಲ್ಲಿ ವಲಯದಾದ್ಯಂತ ಗಮನಾರ್ಹ ಪ್ರಗತಿ' ಎಂಬ ಸಾಲಿದೆಯಲ್ಲ, ಆ ಪ್ರಗತಿ ನನ್ನ ಸೋದರಮಾವನದು.

ನಾನು ಆ ದಿನ ಕೊನೆಗೆ ಓದಿದ್ದು ನಮ್ಮ ಶಾಲೆಯ ಪುಸ್ತಕ, ಇರೇಷಾಳದು. ಅವಳನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಓದುಗರು ತಪ್ಪು ತಿಳಿಯಬಾರದು. ಇಪ್ಪತ್ತೇಳು ವರ್ಷದ ಹುಡುಗಿ, ಶಾಲೆಯಲ್ಲಿ ನನಗೆ ಸರ್ ಅನ್ನುತ್ತಾಳೆ, ನಾನು ತಂಗಿ ಅನ್ನುತ್ತೇನೆ. ಅವಳು ಬಂದ ಹೊಸದರಲ್ಲಿ ನಾನೇ ಅವಳಿಗೆ ಬಂದುಲ ಸೆಟ್ ಕೊಟ್ಟು, "ಇಟ್ಕೊ ತಂಗಿ, ಶುಕ್ರವಾರ ತಲೆನೋವಿರಲ್ಲ" ಎಂದಿದ್ದೆ. ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಬೇಡ ಸರ್. ನನ್ನ ಕ್ಲಾಸಲ್ಲಿ ಬಂದುಲ ಇಲ್ಲ. ಇರೋರ ಬಗ್ಗೆನೇ ಬರೆಯೋಕೆ ತುಂಬಾ ಇದೆ." ಆ ಮಾತಿಗೆ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. "ಎರಡು ತಿಂಗಳು ಇರ್ತದೆ ಈ ಹುರುಪು, ಆಮೇಲೆ ಅಂಗಡಿಗೆ ಹೋಗ್ತಾಳೆ ಬಿಡಿ" ಎಂದರು ಗಣಿತದ ಮೇಷ್ಟ್ರು.

ಅವಳು ಅಂಗಡಿಗೆ ಹೋಗಲಿಲ್ಲ. ಅವಳ ಪುಸ್ತಕದ ಮೊದಲ ಪುಟದಲ್ಲೇ ಹೀಗಿತ್ತು: ಒಂಬತ್ತನೇ ತರಗತಿಯಲ್ಲಿ ಎಂಟು ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುವುದಿಲ್ಲ. ಇವತ್ತು ವಿಮಾನ ನಿಲ್ದಾಣದ ಪಾಠ ಮಾಡಿದೆ. ಪ್ರಶ್ನೆ ಕೇಳಿದಾಗ ತರಿಂದಿ ಎಂಬ ಹುಡುಗಿ ಸಿಂಹಳದಲ್ಲಿ, 'ಟೀಚರ್, ನಮ್ಮಲ್ಲಿ ಯಾರೂ ಎಲ್ಲಿಗೂ ಹೋಗೋದಿಲ್ಲ, ನಾಳೆ ಅಪ್ಪ ದಾಲ್ಚಿನ್ನಿ ಕಡ್ಡಿ ಕಡೀತಾರೆ, ನಾವು ಶಾಲೆಗೇ ಬರೋದಿಲ್ಲ' ಎಂದಳು. ನಾನು ಪಾಠ ನಿಲ್ಲಿಸಿದೆ. ನನಗೆ ಬೇಕಾದ ನೆರವು: ಈ ಎಂಟು ಮಕ್ಕಳಿಗೆ ಓದಬಹುದಾದ ಸಣ್ಣ ಪುಸ್ತಕಗಳು, ಬೀರುವಿನ ಬೀಗದ ಕೈ, ಮತ್ತು ಮಕ್ಕಳು ಇರುವ ಜಾಗಕ್ಕೆ ಹೋಗಿ ಕಲಿಸಲು ಅನುಮತಿ. ಇಷ್ಟನ್ನು ಅವಳು ಮೂರು ಶುಕ್ರವಾರ ಒಂದೇ ಸಮನೆ ಬರೆದಿದ್ದಳು. ನಾಲ್ಕನೇ ಶುಕ್ರವಾರ, ಅನುಮತಿ ಬರಲಿಲ್ಲ, ನಾನೇ ಹೋದೆ ಎಂದು ಬರೆದಿದ್ದಳು.

ನಮ್ಮ ಕುರುಂದುಕಂದದಲ್ಲಿ ದಾಲ್ಚಿನ್ನಿ ಸುಲಿಯದ ಮನೆ ಕಡಿಮೆ. ಬೆಳಿಗ್ಗೆ ಕಡಿದ ಕಡ್ಡಿಯನ್ನು ಅವತ್ತೇ ಸುಲಿಯಬೇಕು, ಮರುದಿನಕ್ಕೆ ಇಟ್ಟರೆ ತೊಗಟೆ ಕಚ್ಚಿಕೊಂಡು ಕೂರುತ್ತದೆ. ಅದಕ್ಕೇ ಸುಲಿಯುವ ಕಾಲದಲ್ಲಿ ಮನೆಮಂದಿಯೆಲ್ಲ ಶೆಡ್ಡಿನಲ್ಲಿ ಕೂರುತ್ತಾರೆ, ಮಕ್ಕಳೂ ಕೂರುತ್ತಾರೆ, ಒಂಬತ್ತನೇ ತರಗತಿ ಅರ್ಧ ಖಾಲಿಯಾಗುತ್ತದೆ. ನಾನು ಇಪ್ಪತ್ತಾರು ವರ್ಷ ಆ ಖಾಲಿ ಬೆಂಚುಗಳಿಗೆ ಗೈರುಹಾಜರಿ ಹಾಕಿ ಸುಮ್ಮನಿದ್ದೆ. ಇರೇಷಾ ಶಾಲೆ ಬಿಟ್ಟ ಮೇಲೆ ತರಿಂದಿಯ ಅಪ್ಪನ ಶೆಡ್ಡಿಗೆ ಹೋಗಿ ನೆಲದ ಮೇಲೆ ಕೂತು, "ನನಗೆ ಸುಲಿಯೋಕೆ ಬರಲ್ಲ. ನೀವೆಲ್ಲ ಸೇರಿ ಕಲಿಸಿ. ಆದರೆ ಇಂಗ್ಲಿಷಿನಲ್ಲೇ ಕಲಿಸಬೇಕು, ಸಿಂಹಳ ಆಡಿದ್ರೆ ನಂಗೆ ಕಿವಿ ಕೇಳಲ್ಲ" ಎಂದಳಂತೆ. ಮಕ್ಕಳಿಗೆ ತಮಾಷೆ. ತಮಗೆ ಚೆನ್ನಾಗಿ ಗೊತ್ತಿರುವ ಕೆಲಸ, ಟೀಚರಿಗೆ ಗೊತ್ತಿಲ್ಲದ ಕೆಲಸ! ಮೊದಲ ದಿನ ಕೂರು, ಹಿಡಿ, ಎಳೆ ಎಂಬ ಮೂರು ಮಾತು. ಯಾವ ಮಾತು ಬೇಕೋ ಅದನ್ನು ಅವಳನ್ನೇ ಕೇಳಿ ಕಲಿತು, ಅದರಲ್ಲೇ ಅವಳನ್ನು ಗದರುವುದು. ಮೂರನೇ ವಾರ ಅವಳು ಚಾಕು ಜಾರಿಸಿ ಹೆಬ್ಬೆರಳು ಕೊಯ್ದುಕೊಂಡು ಶಾಲೆಗೆ ಬಂದಳು. "ಏನು ತಂಗಿ ಇದು?" ಎಂದು ಕೇಳಿದೆ. ಬಟ್ಟೆ ಸುತ್ತಿದ ಬೆರಳನ್ನು ಎತ್ತಿ ಹಿಡಿದು, "ಹೋಂವರ್ಕ್ ಸರ್!" ಎಂದು ನಕ್ಕಳು.

ಆ ವಾರದ ಪುಟವನ್ನು ನಾನು ನಿಮ್ಮ ಮೇಜಿನ ಮುಂದೆ ಕೂತು ಓದಿದೆ. ಅದರ ಒಂದೊಂದು ಸಾಲೂ ನನಗೆ ಬಾಯಿಪಾಠವಾಗಿದೆ. 'ಇವತ್ತು ತರಿಂದಿ ಮೊದಲ ಸಲ ನನ್ನನ್ನು ಇಂಗ್ಲಿಷಿನಲ್ಲಿ ಬೈದಳು. ಹಾಗಲ್ಲ ಟೀಚರ್, ನಿಧಾನ, ನಿಮ್ಮ ಕೈ ಸೋಮಾರಿ ಕೈ, ಅಜ್ಜಿ ಕೂಡ ನಿಮಗಿಂತ ಬೇಗ ಸುಲಿಯುತ್ತಾಳೆ. ಒಟ್ಟು ಹನ್ನೊಂದು ವಾಕ್ಯ. ನಾಲ್ಕು ತಪ್ಪಿದ್ದವು. ನಾನು ತಿದ್ದಲಿಲ್ಲ. ತಿದ್ದಿದ್ದರೆ ಹನ್ನೆರಡನೆಯದು ಬರುತ್ತಿರಲಿಲ್ಲ.' ಅದನ್ನು ಓದಿ ನಾನು ಕನ್ನಡಕ ತೆಗೆದಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಒಂದು ಮಗುವೂ ನನ್ನನ್ನು ಇಂಗ್ಲಿಷಿನಲ್ಲಿ ಬೈದಿಲ್ಲ, ನಿರ್ದೇಶಕರೇ. ಬೈಯುವಷ್ಟು ಇಂಗ್ಲಿಷನ್ನು ನಾನು ಯಾರಿಗೂ ಕಲಿಸಿಲ್ಲ.

ಈಗ ನನ್ನ ಎರಡನೇ ತಪ್ಪು. ಮೇಜಿನ ಮೇಲೆ ಎರಡು ರಾಶಿ ಮಾಡಬೇಕಿತ್ತು. ಎಲ್ಲ ಸರಿಯಿದೆ ಎಂಬ ಪುಸ್ತಕಗಳು ಎಡಕ್ಕೆ, ನೆರವು ಕೇಳಿದವರದು ಬಲಕ್ಕೆ. ಬಲಗಡೆಯವರಿಗೆ ಮುಂದಿನ ತಿಂಗಳು ನೆರವು ಹೋಗುತ್ತದೆ ಎಂದು ಸಲಹೆಗಾರರು ಬೆಳಿಗ್ಗೆ ಇನ್ನೊಮ್ಮೆ ಹೇಳಿದ್ದರು. ಮೂವತ್ತೊಂಬತ್ತು ಬಂದುಲರನ್ನೂ, ಖಾಲಿ ಪುಟಗಳ ಮೂರು ಪುಸ್ತಕಗಳನ್ನೂ ಎಡಕ್ಕೆ ಹಾಕಿದೆ. ಇರೇಷಾಳದನ್ನು ಎರಡೂ ಕೈಯಲ್ಲಿ ಹಿಡಿದು ಬಲಕ್ಕೆ ಇಟ್ಟೆ. ಈ ಹುಡುಗಿಗೆ ಪುಸ್ತಕ ಸಿಗಲಿ, ಬೀಗದ ಕೈ ಸಿಗಲಿ, ಶೆಡ್ಡಿಗೆ ಹೋಗಲು ಅನುಮತಿ ಸಿಗಲಿ ಎಂದು ಮನಸಾರೆ ಇಟ್ಟೆ. ಬಲಗಡೆಯ ರಾಶಿಯಲ್ಲಿ ಅದೊಂದೇ ಪುಸ್ತಕವಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಬಹಳ ವರ್ಷದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದೆ ಎನ್ನಿಸಿತ್ತು. ಎಂಥ ಮೂರ್ಖ ನಾನು! ನಿಮ್ಮ ಕಚೇರಿಯ ಮಾತನ್ನು ನಂಬಬಾರದೆಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವನು, ಇನ್ನೊಬ್ಬರ ನೌಕರಿಯ ವಿಷಯದಲ್ಲಿ ಹೋಗಿ ನಂಬಿದೆ.

ನೆರವು ಬಂತು. ಕಂದು ಲಕೋಟೆಯಲ್ಲಿ ಬಂತು. ಆರೋಪ ಒಂದು: ಎಂಟು ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ಸ್ವತಃ ಒಪ್ಪಿಕೊಂಡಿರುವುದು. ಎರಡು: ನಿಗದಿತ ಪಾಠವನ್ನು ಅನುಮತಿಯಿಲ್ಲದೆ ನಿಲ್ಲಿಸಿರುವುದು. ಮೂರು: ಅನಧಿಕೃತ ಕೈಗಾರಿಕಾ ಸ್ಥಳದಲ್ಲಿ ತರಗತಿ ನಡೆಸಿರುವುದು. ನಾಲ್ಕು: ತರಿಂದಿ ಎಂಬ ವಿದ್ಯಾರ್ಥಿನಿಯು ಶಿಕ್ಷಕಿಯನ್ನು ಅಗೌರವದಿಂದ ಸಂಬೋಧಿಸಲು ಪ್ರೋತ್ಸಾಹ ನೀಡಿರುವುದು. ಸಾಕ್ಷ್ಯ ಏನು? ಅವಳದೇ ಪುಸ್ತಕದ ಪುಟ ಒಂದು, ಎರಡು, ನಾಲ್ಕು, ಆರು. ನಿಮ್ಮ ಒಬ್ಬ ಅಧಿಕಾರಿಯೂ ಕುರುಂದುಕಂದಕ್ಕೆ ಕಾಲಿಟ್ಟಿಲ್ಲ. ಒಂದು ಮಗುವನ್ನೂ ಮಾತಾಡಿಸಿಲ್ಲ. ತಪ್ಪು ಮಾಡಿದವಳೇ ದಿನಾಂಕ ಹಾಕಿ, ಸಹಿ ಮಾಡಿ, ಅಂದವಾದ ಅಕ್ಷರದಲ್ಲಿ ಬರೆದುಕೊಟ್ಟಿರುವಾಗ ಬೆಟ್ಟ ಹತ್ತಿ ಬರುವ ಶ್ರಮ ಯಾಕೆ? ಪ್ರಾಂಶುಪಾಲರು ಗಾಬರಿಯಲ್ಲಿ ಆ ಪಟ್ಟಿಯನ್ನು ಕೋಣೆಯ ಬಾಗಿಲು ತೆರೆದಿಟ್ಟೇ ಗಟ್ಟಿಯಾಗಿ ಓದಿದರು. ಹೊರಗೆ ವರಾಂಡದಲ್ಲಿ ಒಂಬತ್ತನೇ ತರಗತಿಯವರು ಸಾಲಾಗಿ ನಿಂತಿದ್ದರು. ಇರೇಷಾ ಪೂರ್ತಿ ಕೇಳಿ, "ನಾಲ್ಕನೇದನ್ನ ಮಾತ್ರ ಮೆಲ್ಲಗೆ ಓದಬಹುದಿತ್ತು ಸರ್" ಎಂದಳು.

ವಿಚಾರಣೆ ಮುಗಿಯುವವರೆಗೆ ಅವಳನ್ನು ನಿಮ್ಮ ಕಚೇರಿಯಲ್ಲಿ ಕೂರಿಸಿದ್ದೀರಿ. ಏನು ಕೆಲಸ ಕೊಟ್ಟಿದ್ದೀರಿ ಎಂಬುದು ಈ ಪತ್ರಿಕೆಯ ಓದುಗರಿಗೂ ತಿಳಿಯಲಿ. ಶಾಲೆಗಳಿಂದ ಬರುವ ಹಳದಿ ಪುಸ್ತಕಗಳಿಗೆ ನಂಬರು ಹಾಕಿ ಕಪಾಟಿನಲ್ಲಿ ಜೋಡಿಸುವುದು! ಹೋದ ವಾರ ನಾನು ನೋಡಲು ಹೋಗಿದ್ದೆ. ಉದ್ದ ಮೇಜಿನ ತುದಿಯಲ್ಲಿ ಬಿಳಿ ಸೀರೆ ಉಟ್ಟು ನೆಟ್ಟಗೆ ಕೂತಿದ್ದಳು. "ಸರ್, ನಿಮ್ಮ ಬಂದುಲ ಈ ತಿಂಗಳು ಇನ್ನೂ ಎರಡು ಶಾಲೆಗೆ ಸೇರಿದಾನೆ" ಎಂದಳು. ನನಗೆ ನಗಲು ಆಗಲಿಲ್ಲ. "ತಂಗಿ, ಆ ಪುಸ್ತಕ ಆ ರಾಶಿಗೆ ಹಾಕಿದ್ದು ನಾನು" ಎಂದು ಒದರಿಬಿಟ್ಟೆ. ನಂಬರು ಹಾಕುತ್ತಿದ್ದ ಪುಸ್ತಕವನ್ನು ಕೆಳಗಿಟ್ಟಳು. "ಓದಿದೀರಲ್ಲ ಸರ್. ಒಬ್ಬರಾದರೂ ಓದಿದರಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ತರಿಂದಿ ಕ್ಲಾಸಿಗೆ ಬರ್ತಿದಾಳಾ?"

ಬರುತ್ತಿಲ್ಲ, ನಿರ್ದೇಶಕರೇ. ಆ ಎಂಟು ಮಕ್ಕಳನ್ನು ನೀವು ನನ್ನ ಕೈಗೆ ಒಪ್ಪಿಸಿದ್ದೀರಿ. ಮೊದಲ ದಿನದಿಂದಲೇ ತರಿಂದಿ ಇಂಗ್ಲಿಷ್ ಅವಧಿಗೆ ಎದ್ದು ಹೊರಗೆ ಹೋಗತೊಡಗಿದಳು. ಮೂರನೇ ವಾರಕ್ಕೆ ಶಾಲೆಗೇ ಬರುವುದನ್ನು ಬಿಟ್ಟಳು. ನಾನು ಅವಳ ಮನೆಗೆ ಹೋದೆ. ಶೆಡ್ಡಿನಲ್ಲಿ ತಾಯಿ ಮಗಳು ಎದುರುಬದುರು ಕೂತು ಸುಲಿಯುತ್ತಿದ್ದರು, ಮೇಲೆ ಹಗ್ಗದ ಮೇಲೆ ಚಕ್ಕೆ ಒಣಗುತ್ತಿತ್ತು. ತಾಯಿ ಲೀಲಾವತಿ ಕೈ ಒರೆಸಿಕೊಂಡು ಎದ್ದಳು.

"ಬನ್ನಿ ಸರ್, ಕೂತ್ಕೊಳ್ಳಿ. ಇಪ್ಪತ್ತಾರು ವರ್ಷ ಆಯ್ತು ನೀವು ಈ ಊರಿಗೆ ಬಂದು. ನಮ್ಮ ಶೆಡ್ಡಿಗೆ ಇವತ್ತೇ ಮೊದಲು ಬಂದಿದ್ದು. ಆ ಟೀಚರಮ್ಮನ್ನ ಎತ್ತಿ ಹಾಕಿದ ಮೇಲೆ ನಿಮಗೆ ದಾರಿ ಸಿಕ್ತು ನೋಡಿ."

"ಮಗಳು ಶಾಲೆಗೆ ಬರ್ತಿಲ್ಲ ಲೀಲಾವತಿ, ಅದಕ್ಕೇ..."

"ಬಂದು ಏನು ಮಾಡ್ಬೇಕು ಸರ್? ನನಗೂ ನೀವೇ ತಾನೇ ಇಂಗ್ಲಿಷ್ ಹೇಳಿಕೊಟ್ಟಿದ್ದು? ಮರೆತ್ರಾ? ಎಡಗಡೆ ಎರಡನೇ ಬೆಂಚು. ಆರು ವರ್ಷ ಹೇಳಿಕೊಟ್ರಿ. ಎಲ್ಲಾ ನೆನಪಿದೆ ನನಗೆ, ನೋಡ್ತೀರಾ?" ಎಂದವಳೇ ಕೈಕಟ್ಟಿ ನೆಟ್ಟಗೆ ನಿಂತು, ಮಕ್ಕಳು ಎಳೆಯುವ ರಾಗದಲ್ಲಿ, "ಗುಡ್ ಮಾರ್ನಿಂಗ್ ಸ...ರ್" ಎಂದಳು.

ಆಗ ಮಧ್ಯಾಹ್ನ ಮೂರು ಗಂಟೆ. ಆರು ವರ್ಷದಲ್ಲಿ ನಾನು ಆ ಹೆಂಗಸಿಗೆ ಕಲಿಸಿದ್ದು ಅಷ್ಟೇ. ಅವಳು ಒಳಗೆ ಹೋಗಿ ಬೆಲ್ಲದ ಜೊತೆ ಕರಿಚಹಾ ತಂದುಕೊಟ್ಟಳು, ಬೈದ ಮೇಲೂ ಚಹಾ ಕೊಡದೆ ಕಳಿಸುವ ಊರಲ್ಲ ನಮ್ಮದು. ತರಿಂದಿ ಅಷ್ಟು ಹೊತ್ತೂ ತಲೆ ಎತ್ತಿರಲಿಲ್ಲ. ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾಕಮ್ಮಾ ಬರ್ತಿಲ್ಲ ಎಂದು ಕೇಳಿದೆ.

"ನಾನು ಬೈದಿದ್ದಕ್ಕೆ ಟೀಚರ್ ಹೋದ್ರು ಅಲ್ವಾ ಸರ್?" ಎಂದಳು. ಚಾಕು ನಿಲ್ಲಲಿಲ್ಲ. "ಆ ಕಾಗದದಲ್ಲಿ ನನ್ನ ಹೆಸರಿತ್ತು. ನಾವೆಲ್ಲ ಕೇಳಿಸಿಕೊಂಡ್ವಿ. ಸೋಮಾರಿ ಕೈ ಅಂದೆ ನಾನು. ತಮಾಷೆಗೆ ಅಂದಿದ್ದು ಸರ್. ಟೀಚರೂ ನಕ್ಕಿದ್ರು."

ಅಲ್ಲ ಮಗಳೇ, ನಿನ್ನಿಂದಲ್ಲ ಎನ್ನಲು ಬಾಯಿ ತೆರೆದೆ. ನಾಲ್ಕನೇ ಆರೋಪ ನೆನಪಾಯಿತು. ಅದರಲ್ಲಿ ಅವಳ ಹೆಸರು ಇದೆ, ನಿಮ್ಮ ಮೊಹರೂ ಇದೆ. ಹದಿನಾಲ್ಕು ವರ್ಷದ ಮಗುವಿಗೆ ಇಂಗ್ಲಿಷಿನಲ್ಲಿ ಬಾಯಿ ಬಂದ ಮೊದಲ ತಿಂಗಳಲ್ಲೇ, ಆ ಭಾಷೆಯಲ್ಲಿ ಬಾಯಿ ತೆರೆದರೆ ಪ್ರೀತಿಯವರಿಗೆ ಕೇಡಾಗುತ್ತದೆ ಎಂದು ನಿಮ್ಮ ಕಚೇರಿ ಕಲಿಸಿಕೊಟ್ಟಿದೆ. ಶಹಭಾಸ್! ನಮ್ಮ ವಲಯದಲ್ಲಿ ಇಷ್ಟು ಬೇಗ, ಇಷ್ಟು ಆಳವಾಗಿ ಮಕ್ಕಳ ತಲೆಗೆ ಹೋದ ಪಾಠ ಬೇರೊಂದಿಲ್ಲ.

ಈಗ ತಾವೇ ಹೇಳಿ. ಓದಲು ಬಾರದ ಮಕ್ಕಳಿದ್ದಾರೆ ಎಂದು ಬರೆದದ್ದು ಅಪರಾಧವೋ, ಇಲ್ಲವೆಂದು ಬರೆದದ್ದು ಅಪರಾಧವೋ? ಆ ಎಂಟು ಮಕ್ಕಳು ಇರೇಷಾ ಬಂದ ಮೇಲೆ ಅಕ್ಷರ ಮರೆತರೇ? ಅವಳಿಗಿಂತ ಮೊದಲು ಮೂರು ವರ್ಷ ಅವರು ನನ್ನ ತರಗತಿಯಲ್ಲಿದ್ದರು. ನನ್ನ ಪುಸ್ತಕದಲ್ಲಿ ಅವರ ಸುದ್ದಿಯೇ ಇಲ್ಲ, ಬಂದುಲ ಇದ್ದಾನೆ, ಹಾಗಾಗಿ ನಾನು ಮಾದರಿ ಶಿಕ್ಷಕ. ಇಂಗ್ಲಿಷ್ ಅವಧಿಯಲ್ಲಿ ಮಗುವಿನ ಸಿಂಹಳ ಮಾತು ಕೇಳಿಸಿಕೊಂಡು ಪಾಠ ನಿಲ್ಲಿಸಿದವಳು ತಪ್ಪಿತಸ್ಥೆ. ಯಾರಿಗೆ ಅರ್ಥವಾಯಿತು ಎಂದು ತಿರುಗಿಯೂ ನೋಡದೆ ವಿಮಾನ ನಿಲ್ದಾಣದ ಪಾಠವನ್ನು ಇಪ್ಪತ್ತು ಬಾರಿ ಮುಗಿಸಿದವನು ಅನುಭವಿ. ನಿಮಗೆ ಶಿಕ್ಷಕರ ಆತ್ಮಾವಲೋಕನ ಬೇಕಿತ್ತೇ, ಕಪಾಟು ತುಂಬಬೇಕಿತ್ತೇ? ಕಪಾಟು ತುಂಬಬೇಕಿತ್ತು ಎಂದು ಮೊದಲೇ ಹೇಳಿದ್ದರೆ ಅವಳೂ ಅಂಗಡಿಗೆ ಹೋಗುತ್ತಿದ್ದಳು. ನಿರ್ಭಯವಾಗಿ ಬರೆಯಿರಿ ಎಂದು ಅಚ್ಚು ಹಾಕಿಸಿದವರು ಯಾರು? ಅದನ್ನು ನಂಬಿದ ಒಬ್ಬಳನ್ನು ಇಡೀ ವಲಯದಲ್ಲಿ ಹುಡುಕಿ ತೆಗೆದು ಶಿಕ್ಷೆ ಕೊಡುತ್ತಿದ್ದೀರಿ. ಹದಿನಾಲ್ಕರ ನಂತರ ಯಾವ ಹೊಸ ಶಿಕ್ಷಕಿ ಆ ಪುಸ್ತಕದಲ್ಲಿ ಒಂದು ನಿಜವಾದ ಮಗುವಿನ ಹೆಸರು ಬರೆಯುತ್ತಾಳೆ?

ನನ್ನ ಬೇಡಿಕೆ ಉದ್ದವಿಲ್ಲ. ಆರೋಪಪಟ್ಟಿಯನ್ನು ವಾಪಸು ತೆಗೆದುಕೊಳ್ಳಿ, ನಾಲ್ಕನೆಯದನ್ನು ಎಲ್ಲಕ್ಕಿಂತ ಮೊದಲು. ಇರೇಷಾ ಹೆಟ್ಟಿಗೊಡಳನ್ನು ಅವಳ ಪುಸ್ತಕದ ಸಮೇತ ಒಂಬತ್ತನೇ ತರಗತಿಗೆ ಕಳಿಸಿ. ಬೀರುವಿನ ಬೀಗದ ಕೈಯನ್ನು ಅವಳ ಕೈಗೆ ಕೊಡುವಂತೆ ಪ್ರಾಂಶುಪಾಲರಿಗೆ ಒಂದು ಸಾಲು ಬರೆಯಿರಿ, ಪಾಪ ಅವರ ತಲೆಯೂ ಉಳಿಯಲಿ. ಇಷ್ಟಾಗಿಯೂ ಯಾರನ್ನಾದರೂ ವಿಚಾರಣೆಗೆ ಕೂರಿಸಲೇಬೇಕು ಎಂದಿದ್ದರೆ ನನ್ನನ್ನು ಕೂರಿಸಿ. ಬಂದುಲನನ್ನು ಬರೆದ ಕೈಬರಹದ ಹಾಳೆಗಳನ್ನೂ, ನೀವು ಕೊಟ್ಟ ಪ್ರಮಾಣಪತ್ರವನ್ನೂ ತರುತ್ತೇನೆ. ಈ ವಾರದ ನನ್ನ ಹಳದಿ ಪುಟವನ್ನೂ ಈ ಪತ್ರದ ಜೊತೆ ಕಳಿಸಿದ್ದೇನೆ. ಅದರಲ್ಲಿ ಇರುವುದು ಇಷ್ಟು: ಒಂಬತ್ತನೇ ತರಗತಿ. ಎಂಟು ಮಕ್ಕಳಲ್ಲಿ ಏಳು ಮಂದಿ ಬಂದಿದ್ದರು. ನಲವತ್ತು ನಿಮಿಷ ಪಾಠ ಮಾಡಿದೆ. ಯಾರಿಗೂ ಅರ್ಥವಾಗಲಿಲ್ಲ. ಕಾರಣ ನಾನು. ಬೇಕಾದ ನೆರವು: ಇರೇಷಾ ಟೀಚರ್. ಎರಡು ವರ್ಷದಲ್ಲಿ ನಾನು ನಿಜ ಬರೆದ ಮೊದಲ ಶುಕ್ರವಾರ ಇದು, ಯಾವ ರಾಶಿಗೆ ಬೇಕಾದರೂ ಹಾಕಿಕೊಳ್ಳಿ.

ಒಂದು ಮಾತು ಉಳಿದಿದೆ. ಶೆಡ್ಡಿನಿಂದ ಎದ್ದು ಹೊರಟಾಗ ತರಿಂದಿ ಬೇಲಿಯವರೆಗೆ ಹಿಂದೆ ಬಂದಳು. ಹದಿನಾಲ್ಕಕ್ಕೆ ತಾನೂ ದೊಡ್ಡ ಕಚೇರಿಗೆ ಬಂದು ನಿಮ್ಮೆದುರು ಮಾತಾಡುತ್ತಾಳಂತೆ, ಬಸ್ ಚಾರ್ಜು ಕೊಡಲು ಅಮ್ಮನನ್ನು ಒಪ್ಪಿಸಿದ್ದಾಳಂತೆ. "ಸರ್, ತಪ್ಪು ನನ್ನದು, ಟೀಚರದಲ್ಲ ಅಂತ ಇಂಗ್ಲಿಷಿನಲ್ಲಿ ಹೇಗೆ ಹೇಳೋದು? ಒಂದೂ ತಪ್ಪಿಲ್ಲದಂಗೆ ಹೇಳಿಕೊಡಿ, ಬಾಯಿಪಾಠ ಮಾಡ್ತೀನಿ" ಎಂದಳು. ಇಪ್ಪತ್ತಾರು ವರ್ಷದಲ್ಲಿ ಆ ಶೆಡ್ಡುಗಳಿಂದ ಒಂದು ಮಗು ತಾನಾಗಿ ಬಂದು ನನ್ನನ್ನು ಒಂದು ಇಂಗ್ಲಿಷ್ ವಾಕ್ಯ ಕೇಳಿದ್ದು ಅದೇ ಮೊದಲು. ನಾನು ಹೇಳಿಕೊಡಲಿಲ್ಲ. ಆ ವಾಕ್ಯ ಅವಳು ಆಡುವಂಥದ್ದಲ್ಲ. ಹದಿನಾಲ್ಕರಂದು ನಾನೇ ಬಂದು ನಿಮ್ಮ ಮೂವರ ಮುಂದೆ ಅದನ್ನು ಹೇಳುತ್ತೇನೆ. ತಾವೂ ಹೇಳಬೇಕೆಂದು ತಮಗೆ ಅನ್ನಿಸಿದರೆ, ಒಂದು ದಿನ ಮುಂಚೆ ತಿಳಿಸಿ, ಹೇಳಿಕೊಡುತ್ತೇನೆ.

ಇಂತಿ,
ತಮ್ಮ ವಿಧೇಯ ಎಂದು ಬರೆಯಲು ಈ ಸಲ ಕೈ ಬಾರದ,
ಬಂದುಲನನ್ನು ಹುಟ್ಟಿಸಿದ ತಪ್ಪಿಗೆ ತಲೆ ತಗ್ಗಿಸಿರುವ,
ಸಿರಿಪಾಲ ವಿತಾನಗೆ
ಇಂಗ್ಲಿಷ್ ಶಿಕ್ಷಕ (ಮಾದರಿ), ಕುರುಂದುಕಂದ